ಮೇಲೆ ಬೆಳಗಿನ ಜಾವ, ಕೆಳಗೆ ಮುಸ್ಸಂಜೆ

ಬಣ್ಣಗಳ ವಿಷಯದಲ್ಲಿ ನೇಮಣ್ಣನಿಗಿದ್ದ ಆತ್ಮವಿಶ್ವಾಸಕ್ಕೆ ಬೆಳಗಾವಿಯ ಖಾಸಬಾಗದ ಅವನ ಸೀರೆ ಅಂಗಡಿಯೇ ಕಾರಣ. ಗಾದಿಯ ಮೇಲೆ ಕುಳಿತು ಸೀರೆಯ ಮಡಿಕೆ ಬಿಚ್ಚಿ, "ಇದು ಬರೇ ಹಸರಲ್ರೀ ಅಕ್ಕಾರ, ಗಿಣಿ ಹಸರು. ಇದರಾಗ ಒಂದ ಎಳಿ ನವಿಲಿಂದೂ ಐತಿ ನೋಡ್ರಿ" ಎಂದು ಅವನು ಹೇಳಿದನೆಂದರೆ, ಹಸಿರೊಂದು ಬಿಟ್ಟು ಬೇರೇನಾದರೂ ತೋರಿಸಿ ಎಂದು ಬಂದ ಹೆಂಗಸರೂ ಹಸಿರನ್ನೇ ಒಯ್ಯುತ್ತಿದ್ದರು. ಜೀವಮಾನವಿಡೀ ಪರರ ಮೈಮೇಲೆ ಬಣ್ಣ ಹೊದಿಸಿ ಯಶಸ್ಸು ಕಂಡ ಮನುಷ್ಯನಿಗೆ, ಗೋಡೆಯೆಂಬುದು ಒಪ್ಪಿಗೆಯಾಗದಿದ್ದರೆ ಮಡಚಿ ಕಪಾಟಿಗೆ ಸೇರಿಸಲಾಗದ ವಸ್ತು ಎಂಬ ಅರಿವು ತುಸು ತಡವಾಗಿ ಬಂದರೆ ಅದನ್ನು ತಪ್ಪೆನ್ನಲಾಗದು. ತಪ್ಪೆನ್ನಬಹುದಾದದ್ದು ಅದಕ್ಕೆ ಮೊದಲು ಅವನು ಆಡಿದ ಮಾತುಗಳನ್ನು.

ಸದಾಶಿವನಗರದಲ್ಲಿ ಅವನು ಕೊಂಡ ಫ್ಲ್ಯಾಟು ಎರಡು ಅಂತಸ್ತಿನದು. ನಡುವೆ ಮನೆಯೊಳಗಿನದೇ ಮೆಟ್ಟಿಲು. ಅಂಥದನ್ನು ಡ್ಯೂಪ್ಲೆಕ್ಸ್ ಎನ್ನುತ್ತಾರೆಂದು ತಿಳಿದ ದಿನದಿಂದ ಆ ಪದ ಅವನ ನಾಲಿಗೆಯನ್ನು ಬಿಟ್ಟು ಕದಲಲಿಲ್ಲ. ಅಂಗಡಿಗೆ ಬಂದ ಗಿರಾಕಿ, "ಈ ಸಲ ಮಳಿ ಭಾಳ ಆತಲ್ರೀ?" ಎಂದರೆ, "ಡ್ಯೂಪ್ಲೆಕ್ಸ್‌ದಾಗ ಮಳಿ ಸಪ್ಪಳ ಕೇಳಸಂಗಿಲ್ರೀ" ಎನ್ನುತ್ತಿದ್ದ.

ಕೆಳಗಿನ ಫ್ಲ್ಯಾಟಿನಲ್ಲಿ ಗುರುಪುತ್ರಪ್ಪನವರಿದ್ದರು. ಸರಕಾರಿ ಎಂಜಿನಿಯರರಾಗಿ ನಿವೃತ್ತರಾಗಿ, ಕಟ್ಟುವುದಕ್ಕೆ ಸೇತುವೆಗಳು ಉಳಿಯದೆ, ಆ ಕಟ್ಟಡದ ಸೊಸಾಯಿಟಿಗೆ ಚೇರಮನ್ ಆದವರು. ಗೃಹಪ್ರವೇಶದ ಮರುದಿನ ಅವರು ಸ್ನೇಹದಿಂದಲೇ ಸಲಹೆ ಕೊಟ್ಟರು.

"ನೇಮಣ್ಣಾರ, ಒಬ್ಬ ಚಲೋ ಡಿಸೈನರ್‌ನ ಕರಸ್ರಿ. ಎರಡ ಮಜಲಿನ ಮನಿ, ಬೆಳಕು, ಬಣ್ಣಾ ಎಲ್ಲಾ ವಿಚಾರ ಮಾಡಬೇಕಾಗತೇತಿ."

"ಯಾಕ್ರೀ ಚೇರಮನ್‌ರ? ಅವರಿಗೆ ಎರಡ ಕಣ್ಣ ಅದಾವು, ನನಗೂ ಎರಡ ಅದಾವು. ಬಣ್ಣದ ಮಾತ ನನ್ನ ಮುಂದ ತಗೀತೀರಲ್ಲ!"

"ಕಣ್ಣ ಅದಾವು, ಖರೆ..." ಎಂದು ಗುರುಪುತ್ರಪ್ಪನವರು ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ ಚಹಾ ಕುಡಿದರು.

ಉಳಿದ ಅರ್ಧ ವಾಕ್ಯ ನೇಮಣ್ಣನನ್ನು ಬಹಳ ದಿನ ಕಾಡಿತು. ಅದಕ್ಕೆ ಉತ್ತರ ಕೊಡಬೇಕೆಂದೇ ಅವನು ಅಂಗಡಿಯಲ್ಲಿ ಗಿರಾಕಿಯಿಲ್ಲದ ಹೊತ್ತಿನಲ್ಲೆಲ್ಲ ಮೊಬೈಲಿನಲ್ಲಿ ಪರದೇಶದ ಮನೆಗಳನ್ನು ನೋಡತೊಡಗಿದ. ಅಲ್ಲಿಯ ಮನೆಗಳಿಗೆ ಬಾಗಿಲು, ಕಿಟಕಿಗಳಿಗಿಂತ ಮುಖ್ಯವಾಗಿ ಥೀಮ್ ಎಂಬುದೊಂದು ಇರುತ್ತಿತ್ತು. ಒಂದು ಭಾನುವಾರ ಅವನು ಹೆಂಡತಿ ಕಾಂತಾಳನ್ನೂ ಕಾಲೇಜಿಗೆ ಹೋಗುವ ಮಗಳು ಪ್ರಾಚಿಯನ್ನೂ ಖಾಲಿ ಹಾಲಿನ ನಡುವೆ ನಿಲ್ಲಿಸಿ ಘೋಷಿಸಿದ: "ಕೆಳಗ ಸೂರ್ಯಾಸ್ತ. ಮ್ಯಾಲ ಸಮುದ್ರ."

"ಅಡಗಿಮನಿ ಎಲ್ಲಿ ಬರತೇತ್ರಿ? ಸೂರ್ಯಾಸ್ತದಾಗೋ, ಸಮುದ್ರದಾಗೋ?" ಎಂದಳು ಕಾಂತಾ.

"ನಿನಗ ಮಾಡರ್ನ್ ಅಂದ್ರ ತಿಳಿಯಂಗಿಲ್ಲ."

"ತಿಳಿಯಂಗಿಲ್ಲ ಬಿಡ್ರಿ. ಅಕ್ಕಿ ಆರಿಸೂ ಜಾಗಾ ಒಂದ ಉಳಸ್ರಿ ನನಗ."

ಉಳಿಯಲಿಲ್ಲ. ಹಾಲಿನ ಪೂರ್ವದ ಗೋಡೆಯಲ್ಲಿ ಎರಡು ಅಂತಸ್ತಿನೆತ್ತರಕ್ಕೆ, ತೆರೆಯಲು ಬಾರದ ಒಂದೇ ಗಾಜು. ಅದಕ್ಕೆ ಭರಮಣ್ಣನೆಂಬ ಕೆಲಸಗಾರನಿಂದ ದಟ್ಟ ಕಿತ್ತಳೆ ಬಣ್ಣದ ಫಿಲ್ಮು ಅಂಟಿಸಲಾಯಿತು. ಗೋಡೆಗಳಿಗೆ ಇಟ್ಟಿಗೆಗೆಂಪು, ಸೋಫಾಕ್ಕೆ ಅರಿಸಿನ, ಚಾವಣಿಗೆ ತಾಮ್ರ. ಮೇಲಿನ ಕೋಣೆಗಳ ಕಿಟಕಿಗಳಿಗೆ ಒಳಗಿನಿಂದ ಕಡುನೀಲಿ ಅಕ್ರಿಲಿಕ್ ಹಾಳೆ ಹೊಡೆದು, ಸ್ಕ್ರೂ ಕಂಡರೆ ಮಾಡರ್ನ್ ಕೆಡುತ್ತದೆಂದು ಅವುಗಳ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿಸಿದ. ಏಸಿ ಇದ್ದ ಮೇಲೆ ಕಿಟಕಿ ತೆರೆಯುವುದು ಹಳ್ಳಿಯವರ ಅಭ್ಯಾಸವೆಂಬುದು ಅವನ ಸಿದ್ಧಾಂತ. ಉಳಿದದ್ದು ಬಾಲ್ಕನಿ. ಅದನ್ನೂ ಗಾಜಿನಿಂದ ಮುಚ್ಚಿ, ನೇರಳೆ ಫಿಲ್ಮು ಹಚ್ಚಿ, ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿ 'ಲೌಂಜ್' ಎಂದು ಕರೆದ. ಮನುಷ್ಯ ಕಾಲಿಟ್ಟೊಡನೆ ತಾವಾಗಿಯೇ ಹೊತ್ತಿಕೊಳ್ಳುವ ದೀಪಗಳು ಎಲ್ಲೆಡೆ.

"ಶೇಟ್ರ, ಈ ಫಿಲ್ಮು ಒಮ್ಮೆ ಹಚ್ಚಿದ್ರ ಹಂಗ ಕಿತ್ತಾಕ ಬರಂಗಿಲ್ಲ, ನೋಡ್ರಿ ಮತ್ತ" ಎಂದು ಭರಮಣ್ಣ ಎಚ್ಚರಿಸಿದ್ದ.

"ಕೀಳಾಕ ಯಾರರ ಹಚ್ಚತಾರೇನಪಾ?" ಎಂದು ನೇಮಣ್ಣ ನಕ್ಕಿದ್ದ. ಆ ನಗುವನ್ನು ಭರಮಣ್ಣ ಮರೆತಿರಬಹುದು, ನೇಮಣ್ಣ ಮರೆಯಲಾರ.

ಮನೆ ಸಿದ್ಧವಾದಾಗ ಗುರುಪುತ್ರಪ್ಪನವರು ಮೊದಲ ಪ್ರೇಕ್ಷಕರಾಗಿ ಬಂದು, ಕಿತ್ತಳೆ ಗಾಜಿನ ಮುಂದೆ ಬಹಳ ಹೊತ್ತು ನಿಂತರು.

"ಇದೇನ ಥೀಮ್ ಅಂದ್ರಿ?"

"ಸೂರ್ಯಾಸ್ತ್ರೀ."

"ಈ ಗ್ವಾಡಿ ಪೂರ್ವಕ್ಕೈತಿ. ಸೂರ್ಯಾ ಮೂಡೂ ಬಾಜೂಕ ಮುಳಗಸೀರಲ್ರೀ ಅಂವನ್ನ!"

"ಅದಾ ನೋಡ್ರಿ ಡಿಸೈನು" ಎಂದ ನೇಮಣ್ಣ.

ಮರುದಿನ ಗುರುಪುತ್ರಪ್ಪನವರ ಹೆಂಡತಿ ಗಂಗಾದೇವಿಯವರು ಮಧ್ಯಾಹ್ನದ ಊಟ ಮುಗಿಸಿ ನಾಲ್ಕು ಮಾತಾಡಲೆಂದು ಬಂದರು. ಸೋಫಾದಲ್ಲಿ ಕುಳಿತು ಸೊಸೆಯ ಸುದ್ದಿಗೆ ಪೀಠಿಕೆ ಹಾಕುತ್ತಿದ್ದವರು ಒಮ್ಮೆಲೇ ಕಿಟಕಿಯತ್ತ ನೋಡಿ ಎದ್ದುಬಿಟ್ಟರು. "ಅಯ್ಯ, ದೀಪಾ ಹಚ್ಚೂ ಹೊತ್ತಾತಲ್ರೀ! ಬರತೀನ್ರಿ ಕಾಂತಾ ಅವರ." ಸೊಸೆಯ ಸುದ್ದಿಯನ್ನು ಅರ್ಧಕ್ಕೆ ಬಿಟ್ಟು ಗಂಗಾದೇವಿಯವರು ಎದ್ದ ದಾಖಲೆ ಆ ಕಟ್ಟಡದಲ್ಲಿ ಮತ್ತೊಂದಿರಲಿಲ್ಲ. ಮುಂದೆಯೂ ಬಂದವರೆಲ್ಲ ಹಾಗೆಯೇ ಆಕಳಿಸಿ ಬೇಗ ಏಳತೊಡಗಿದರು. ಮನೆಯ ವೈಭವವನ್ನು ಅವರ ಕಣ್ಣು ತಾಳಲಾರದೆಂದು ನೇಮಣ್ಣ ಅರ್ಥಮಾಡಿಕೊಂಡ.

"ಪಪ್ಪಾ, ವಿಡಿಯೋ ಕಾಲ್ ಹಚ್ಚಿದ್ರ ಗೆಳತ್ಯಾರು ನಿನಗ ಕಾಮಾಲಿ ಆಗೇತೇನ ಅಂತ ಕೇಳತಾರ" ಎಂದು ಪ್ರಾಚಿ ದೂರಿದಳು.

"ಮ್ಯಾಲ ಹೋಗಿ ಮಾತಾಡು."

"ಮ್ಯಾಲ ಹೋದ್ರ ಹಾವ ಕಡದಾವ್ರಂಗ ಕಾಣತೀನಿ."

ಇಂಥ ಸಣ್ಣ ಟೀಕೆಗಳಿಗೆ ಬಗ್ಗುವ ಕಲಾವಿದ ನೇಮಣ್ಣನಲ್ಲ. ಅವನ ಮನಸ್ಸಿನಲ್ಲಿದ್ದ ಪ್ರೇಕ್ಷಕಿ ಒಬ್ಬಳೇ: ಖಾನಾಪುರದ ಅಕ್ಕಾತಾಯಿ. ತಾಯಿ ತೀರಿದ ಮೇಲೆ ಅವನಿಗೆ ಕೈತುತ್ತು ತಿನ್ನಿಸಿ ಬೆಳೆಸಿದ ಹಿರಿಯಕ್ಕ. ಪ್ರತಿವರ್ಷ ಜೈನರ ದಶಲಕ್ಷಣ ಪರ್ವದ ಕೊನೆಗೆ, ಅನಂತ ಚತುರ್ದಶಿಯಂದು ನೀರನ್ನೂ ಮುಟ್ಟದ ಉಪವಾಸ ಮಾಡಿ, ಮರುದಿನ ಮುಂಜಾನೆ ಪಾರಣೆ ಮಾಡುತ್ತಿದ್ದಳು. ಉಪವಾಸ ಬಿಡುವ ಆ ಮೊದಲ ತುತ್ತನ್ನು ಬಡಿಸುವುದು ಮನೆತನಕ್ಕೇ ಒಂದು ಗೌರವ. ಆ ಗೌರವ ತಮ್ಮನ ಮನೆಗೆ ಒಮ್ಮೆಯೂ ಒಲಿದಿರಲಿಲ್ಲ. ಕರೆದಾಗೆಲ್ಲ, "ನನ್ನ ಕಟ್ಟಿ ಮ್ಯಾಲ ಕುಂತ ಉಂಡಂಗ ಆಗಂಗಿಲ್ಲೋ ತಮ್ಮಾ" ಎಂದುಬಿಡುತ್ತಿದ್ದಳು.

ಈ ಸಲ ಬಿಡಬಾರದೆಂದು ನೇಮಣ್ಣ ಖಾನಾಪುರಕ್ಕೆ ಹೋದ. ಅಕ್ಕಾತಾಯಿ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಅದು ಜ್ಯೋತಿಷ್ಯವಲ್ಲ, ಅವಳು ಹಿಡಿದ ನಿಯಮ. ಅಂಗೈಯ ಗೆರೆಗಳು ಆಕಾಶದ ಬೆಳಕಿನಲ್ಲಿ ನಿಚ್ಚಳ ಕಂಡ ಮೇಲೆ ಬೆಳಗಿನ ಆಹಾರ, ಅವು ಮಸುಕಾಗುವ ಮೊದಲೇ ಸಂಜೆಯ ಊಟ. ದೀಪದ ಬೆಳಕು ಲೆಕ್ಕಕ್ಕಿಲ್ಲ. ಗಡಿಯಾರವಂತೂ ಆ ಮನೆಯಲ್ಲಿ ಮೊಮ್ಮಕ್ಕಳ ಶಾಲೆಗೆ ಮಾತ್ರ ಸಂಬಂಧಪಟ್ಟದ್ದು.

ನೇಮಣ್ಣ ಮೊಬೈಲಿನಲ್ಲಿ ಹಾಲಿನ ಫೋಟೋ ತೋರಿಸಿದ. ಅಕ್ಕಾತಾಯಿಯ ಸೊಸೆ ಪೂನಮ್ ಹಿಂದಿನಿಂದ ಬಗ್ಗಿ ನೋಡಿ, "ಅಗ ಬಾಯಿ! ಕಿತಿ ಛಾನ! ಎಷ್ಟ ಚಂದ ಐತಿ! ಮಾಮಾ, ಥೇಟ್ ಹಾಟೆಲ್ ಆಗೇತಲ್ರೀ!" ಎಂದಳು.

"ಹಾಟೆಲಿನ್ಯಾಗ ನಾ ಉಣ್ಣಂಗಿಲ್ಲ" ಎಂದಳು ಅಕ್ಕಾತಾಯಿ.

"ಹಾಟೆಲ್ ಅಲ್ಲಕ್ಕಾ, ನಮ್ಮ ಮನಿ. ನಮ್ಮ ಹಾಲಿನ್ಯಾಗ ಯಾವಾಗ ಬಂದರೂ ಸೂರ್ಯಾ ಮುಳಗತಿರತಾನ!" ಎಂದ ನೇಮಣ್ಣ, ಕವಿಯ ಉತ್ಸಾಹದಿಂದ.

ಅಕ್ಕಾತಾಯಿ ತಮ್ಮನನ್ನು ಕನಿಕರದಿಂದ ನೋಡಿದಳು. "ಹಂಗಾದ್ರ ನೀವು ಊಟಾ ಯಾವಾಗ ಮಾಡತೀರೋ?"

ನೇಮಣ್ಣ ಅದನ್ನು ವಿನೋದವೆಂದು ಭಾವಿಸಿ ಗಟ್ಟಿಯಾಗಿ ನಕ್ಕ. ಪೂನಮ್ ನಗಲಿಲ್ಲ. ಅವಳು ಆ ಮನೆಯ ಸೊಸೆ. ಅತ್ತೆಯ ಪ್ರಶ್ನೆಗಳು ಯಾವಾಗ ಪ್ರಶ್ನೆಗಳೆಂದು ಅವಳಿಗೆ ಗೊತ್ತಿತ್ತು.

"ಅಕ್ಕಾ, ಒಂದ ಸಲ. ನಿನ್ನ ಪಾರಣಿ ನನ್ನ ಮನ್ಯಾಗ ಆಗಲಿಕ್ಕರ ನಾ ಇಷ್ಟೆಲ್ಲಾ ಕಟ್ಟಿ ಏನ ಮಾಡೂದೈತಿ?" ಎಂದಾಗ ಮಾತ್ರ ಅವನ ದನಿಯಲ್ಲಿ ಡ್ಯೂಪ್ಲೆಕ್ಸ್ ಇರಲಿಲ್ಲ. ಅಕ್ಕಾತಾಯಿ ಕರಗಿದಳು.

"ಬರತೀನಿ. ಹೊತ್ತ ಮೂಡಿದ್ದ ತಿಳದ್ರ ಸಾಕ ನನಗ."

ಅನಂತ ಚತುರ್ದಶಿಯಂದು ಮಧ್ಯಾಹ್ನ ನೇಮಣ್ಣ ಅಕ್ಕನನ್ನೂ ಪೂನಮ್‌ಳನ್ನೂ ಕಾರಿನಲ್ಲಿ ಕರೆತಂದ. ಗಣಪತಿ ಕಳಿಸುವ ದಿನವಾದ್ದರಿಂದ ಊರ ಬೀದಿಗಳೆಲ್ಲ ಬಂದಾಗಿ, ಕಾರು ಸುತ್ತಿ ಬಳಸಿ ಬರುವಷ್ಟರಲ್ಲಿ ಉಪವಾಸದ ಜೀವ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿತ್ತು. ಲಿಫ್ಟಿನಿಂದ ಇಳಿದಾಗ ಅವಳಿಗೆ ದಿಕ್ಕುಗಳು ತಪ್ಪಿದ್ದವು. ನೇಮಣ್ಣ ಬಾಗಿಲು ತೆರೆದು, ನಾಟಕದ ಪರದೆ ಎತ್ತುವವನಂತೆ ಪಕ್ಕಕ್ಕೆ ಸರಿದು ನಿಂತ.

ಅಕ್ಕಾತಾಯಿ ಹೊಸ್ತಿಲಲ್ಲೇ ಗಾಬರಿಯಾದಳು. "ಅಯ್ಯ ನನ್ನಪ್ಪಾ, ಹೊತ್ತ ಮುಳಗಾಕತ್ತೇತಿ! ದಾರ್ಯಾಗ ಇಷ್ಟ ತಡಾ ಆತೇನು? ಪೂನಮ್, ಚಾಪಿ ಹಾಸು. ಸಂಜಿ ಸಾಮಾಯಿಕಕ್ಕ ಕುಂದರತೀನಿ."

"ಅಕ್ಕಾ, ಈಗಿನ್ನಾ—"

"ಮಾತಾಡಸಬ್ಯಾಡೋ, ಹೊತ್ತ ಮೀರತೇತಿ."

ಹೀಗೆ ಬೆಳಗಾವಿ ನಗರದಲ್ಲಿ ಜನ ಮಧ್ಯಾಹ್ನದ ಚಹಾ ಕುಡಿಯುತ್ತಿದ್ದಾಗ ಆ ಹಾಲಿನಲ್ಲಿ ಸಂಜೆಯ ಧ್ಯಾನ ಸಾಂಗವಾಗಿ ಮುಗಿಯಿತು. ಬಳಿಕ ಅವಳು ಪೂನಮ್‌ಳ ಕೈಹಿಡಿದು ಮೇಲೆ ಹೋದಳು. ಕಡುನೀಲಿ ಕತ್ತಲೆ ಕಂಡು, "ನೋಡಿದೇನ, ಮೆಟ್ಟಲ ಹತ್ತೂದ್ರೊಳಗ ರಾತ್ರಿ ಆತು" ಎಂದು ಮಲಗಿಬಿಟ್ಟಳು. ಕಾಂತಾ ಗಂಡನ ಮುಖ ನೋಡಿದಳು.

"ಹೇಳ್ರಿ ಅವರಿಗೆ."

"ಮಲಗಲಿ ಬಿಡು. ಉಪಾಸ ಇದ್ದಾವರಿಗೆ ನಿದ್ದಿ ಚಲೋ" ಎಂದ ನೇಮಣ್ಣ. ಅಕ್ಕನಿಗೆ ಹಾಸಿಗೆ ಇಷ್ಟು ಒಗ್ಗಿದ್ದು ತನ್ನ ಸಮುದ್ರದ ಮಹಿಮೆಯೆಂದೇ ಅವನು ಬಗೆದ.

ಮರುದಿನ ಮುಂಜಾನೆ ಖಾಸಬಾಗದ ಬಸದಿಯ ಮಹಿಳಾ ಮಂಡಳದವರು ಒಂದೇ ಬಣ್ಣದ ಸೀರೆಯುಟ್ಟು ಬಂದರು. ಅವರಲ್ಲಿಯೂ ಉಪವಾಸ ಮಾಡಿದವರಿದ್ದರು. ಹಿರಿಯಳ ಪಾರಣೆಯಾಗದೆ ತಾವು ಬಾಯಿಗೆ ನೀರು ಹಾಕುವುದಿಲ್ಲವೆಂಬ ನಿರ್ಧಾರದಿಂದಲೇ ಬಂದಿದ್ದರು. ಕಾಂತಾ ಹೆಸರುಬೇಳೆಯ ತಿಳಿ, ಗೋದಿ ಹುಗ್ಗಿ, ಕಾಯಿಸಿ ಆರಿಸಿದ ನೀರು ಎಲ್ಲವನ್ನೂ ಸಿದ್ಧಮಾಡಿದ್ದಳು. ತಾಟುಗಳು ಸಾಲಾಗಿ ಕುಳಿತವು. ಮಂಡಳದವರು ಹಾಡಿದರು. ಹಾಡು ಮುಗಿಯಿತು. ಮತ್ತೊಂದು ಹಾಡಿದರು. ಅಕ್ಕಾತಾಯಿ ಮಾತ್ರ ಇಳಿಯಲಿಲ್ಲ.

ನೇಮಣ್ಣ ಮೇಲೆ ಓಡಿದ. ಅಕ್ಕ ಸ್ನಾನ ಮುಗಿಸಿ, ಜಪಮಾಲೆ ಹಿಡಿದು, ಅಂಗೈ ಬಿಡಿಸಿ ಕುಳಿತಿದ್ದಳು. ಅಂಗೈ ನೀಲಿಯಾಗಿತ್ತು. ಗೆರೆಯೊಂದೂ ಇರಲಿಲ್ಲ.

"ಅಕ್ಕಾ, ಎಲ್ಲಾರೂ ಕಾಯಾಕತ್ತಾರ. ಪಾರಣಿ ಹೊತ್ತ ಮೀರಿ ಹೋಗೇತಿ."

"ಇನ್ನಾ ಬೆಳಗ ಹರದಿಲ್ಲಲೋ. ಯಾಕ ಅವಸರಾ?"

"ಬೆಳಗ ಹರದ ಎಷ್ಟೋ ಹೊತ್ತಾತಕ್ಕಾ! ಇಕಾ, ಮೊಬೈಲ್ ನೋಡು."

"ಅದರ ಮಾತ ಹೇಳಬ್ಯಾಡ ನನ್ನ ಮುಂದ. ಹ್ವಾದ ಹಬ್ಬದಾಗ ಪ್ರತೀಕ ಅದರಾಗ ನನ್ನ ಮಾರಿಗೆ ಮೀಸಿ ತರಸಿದ್ದ. ಮೊಬೈಲಿನ್ಯಾಗ ಬಂತಂತ ಖರೇ ಮೀಸಿ ಬಂದೂವೇನು?"

ಪೂನಮ್‌ಳ ಮಗ ಪ್ರತೀಕನ ಈ ಹಳೆಯ ಚೇಷ್ಟೆಗೆ ತಾನು ಕೂಡ ಹೊಟ್ಟೆ ಹಿಡಿದು ನಕ್ಕದ್ದು ನೇಮಣ್ಣನಿಗೆ ನೆನಪಾಗಿ ಬೆವರಿತು. "ಕೆಳಗ ಬಂದ ನೋಡರ ನೋಡು" ಎಂದು ಕೈಮುಗಿದ.

ಅಕ್ಕಾತಾಯಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಕಾಲಿಟ್ಟ ಕಾಲಿಟ್ಟಲ್ಲಿ ದೀಪಗಳು ಹೊತ್ತಿಕೊಂಡವು, ಹಿಂದೆ ಆರಿಕೊಂಡವು. ಕೊನೆಯ ಮೆಟ್ಟಿಲಲ್ಲಿ ನಿಂತು ಅವಳು ಕಿತ್ತಳೆಯಲ್ಲಿ ಮುಳುಗಿದ ಹಾಲನ್ನೂ, ಅರಿಸಿನ ಮೆತ್ತಿಕೊಂಡಂತೆ ಕುಳಿತಿದ್ದ ಮಹಿಳಾ ಮಂಡಳವನ್ನೂ ನೋಡಿದಳು. ಅಂಗೈ ನೋಡಿಕೊಂಡಳು. ತಿರುಗಿ ಮೇಲೆ ನೋಡಿದಳು.

"ಮ್ಯಾಲ ಬೆಳಗಿನ ಜಾವ ಐತಿ. ಕೆಳಗ ಸಂಜಿ ಆಗೇತಿ. ನೇಮೂ, ನಡುವಿನ ಹಗಲ ಎಲ್ಲಿಟ್ಟೀಯೋ?"

ಈ ಮಾತಿಗೆ ಮಂಡಳದಲ್ಲಿಯೇ ಎರಡು ಪಕ್ಷಗಳಾದವು.

"ನಾವು ಬರೂವಾಗ ಹೊರಗ ಬಿಸಲಿತ್ತಲ್ರೀ ಬಾಯಾರ" ಎಂದಳು ಒಬ್ಬಳು.

"ಬರೂವಾಗಿತ್ತ. ಈಗ ಐತೇನು? ನನಗಂತೂ ಕುಂತಾಗಿಂದ ಆಕಳಿಕಿ ಬರಾಕತ್ತಾವು" ಎಂದಳು ಇನ್ನೊಬ್ಬಳು. ಅದು ಸಾಂಕ್ರಾಮಿಕವಾಗಿ ನಾಲ್ಕು ಜನ ಆಕಳಿಸಿದರು.

ನೇಮಣ್ಣ ರಿಮೋಟು ಒತ್ತಿ ಚಾವಣಿಯ ಬಿಳಿ ದೀಪಗಳನ್ನೆಲ್ಲ ಹೊತ್ತಿಸಿದ. "ದೀಪದ ಬೆಳಕಿನ್ಯಾಗ ಉಣ್ಣಸಾಕ ಕರಕೊಂಡ ಬಂದೀಯೇನ ನನ್ನ?" ಎಂದಳು ಅಕ್ಕಾತಾಯಿ. ಆರಿಸಿದ. ಬಾಲ್ಕನಿ! ಲೌಂಜಿನ ಬಾಗಿಲು ಸರಿಸಿ ಅಕ್ಕನನ್ನು ಪ್ಲಾಸ್ಟಿಕ್ ಹುಲ್ಲಿನ ಮೇಲೆ ನಿಲ್ಲಿಸಿದ. ಅಕ್ಕ ನೇರಳೆ ಆಕಾಶದತ್ತ ಒಮ್ಮೆ ನೋಡಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಇಲ್ಲಿ ಗ್ರಹಣ ಹಿಡದೇತಿ. ಒಳಗ ನಡಿ."

ಟೆರೇಸಿಗೆ ಬೀಗ. ಬೀಗದ ಕೀಲಿ ಚೇರಮನ್‌ರ ಹತ್ತಿರ. ನೇಮಣ್ಣ ಫೋನು ಹಚ್ಚಿದರೆ ಅತ್ತಲಿಂದ ಮಾತಿಗಿಂತ ಮೊದಲು ಡೋಲು ಕೇಳಿಸಿತು.

"ಕೀಲಿ ನನ್ನ ಕಿಸೆದಾಗೈತ್ರಿ ನೇಮಣ್ಣಾರ!" ಎಂದು ಗುರುಪುತ್ರಪ್ಪನವರು ಕೂಗಿದರು. "ನಿನ್ನಿ ಹೊಂಟ ಗಣಪತಿ ಹಿಂದ ಇನ್ನಾ ಅದೀನಿ. ಗಣಪತಿ ಮುಂದ ಇನ್ನಾ ಏಳೆಂಟ ಗಣಪತಿ ಅದಾವು! ಯಾಕ್ರೀ, ಏನಾತು?"

"ಏನಿಲ್ರೀ, ಸ್ವಲ್ಪ ಬಿಸಲ ಬೇಕಾಗಿತ್ತು."

ಎಂದೋ ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಗುರುಪುತ್ರಪ್ಪನವರು ಈಗ ಮುಗಿಸಬಹುದಾಗಿತ್ತು. ದೊಡ್ಡ ಮನುಷ್ಯರು, ಮುಗಿಸಲಿಲ್ಲ. "ಪಾರ್ಕಿಂಗದಾಗ ಭಾಳ ಐತ್ರಿ" ಎಂದಷ್ಟೇ ಹೇಳಿದರು.

"ಪಾರಣಿ ಸ್ಕೂಟರ್ ನಡುವ ಮಾಡಲೇನೋ, ಮಂದಿ ಚಪ್ಪಲ್ ಬಾಜೂಕ ಕುಂತ?" ಎಂದಳು ಅಕ್ಕಾತಾಯಿ. ಸಿಟ್ಟಿನಿಂದಲ್ಲ. ಸಿಟ್ಟಿಗೆ ಬೇಕಾದ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ಒಣಗಿದ ತುಟಿಯನ್ನು ಸೆರಗಿನಿಂದ ಒರೆಸಿಕೊಂಡಳು. "ಇರಲಿ ಬಿಡೋ ತಮ್ಮಾ. ನೀ ಮನಸ್ಸಿಗೆ ಹಚ್ಕೋಬ್ಯಾಡ. ಇವತ್ತೂ ಉಪಾಸ ಅಂತ ತಿಳ್ಕೊಂತೀನಿ. ನಾಳಿ ಖಾನಾಪುರದಾಗ ಬಿಟ್ಟರಾತು."

ಈ ಮಾತಿಗಿಂತ ಅವಳು ಅವನ ಕೆನ್ನೆಗೆ ಬಾರಿಸಿದ್ದರೆ ನೇಮಣ್ಣ ಸುಖವಾಗಿರುತ್ತಿದ್ದ. ಹುಗ್ಗಿಯ ಪಾತ್ರೆಯ ಹಿಂದೆ ನಿಂತಿದ್ದ ಕಾಂತಾ, ಎಷ್ಟೋ ದಿನ ತಡೆದುಕೊಂಡಿದ್ದ ಮಾತನ್ನು ಮೆಲ್ಲಗೆ ಹೊರಗೆ ಬಿಟ್ಟಳು.

"ಅಂಗಡ್ಯಾಗ ಸೀರಿ ಬಣ್ಣಾ ಖರೇನೋ ಸುಳ್ಳೋ ನೋಡಾಕ ಗಿರಾಕಿನ್ನ ಬಾಗಲದ ಬಿಸಲಿಗೆ ಕರಕೊಂಡ ಹೋಗತೀರಿ. ಮನ್ಯಾಗ ಆ ಬಾಗಲಾನೂ ಉಳಸಲಿಲ್ಲಲ್ರೀ ನೀವು."

ನಿಜ. ಬೀದಿಯ ಬಿಸಿಲಿಗೆ ಹಿಡಿಯದೆ ಒಂದು ಸೀರೆಯನ್ನೂ ಮಾರದ ಮನುಷ್ಯ, ಮನೆಯ ವಿಷಯದಲ್ಲಿ ಮೊಬೈಲಿನ ಬೆಳಕನ್ನು ನಂಬಿ ಬಿಸಿಲನ್ನೇ ಹೊರಗೆ ಹಾಕಿದ್ದ. ಪೆಟ್ಟಿಗೆಯೊಳಗೆ ಕುಳಿತು ಪೆಟ್ಟಿಗೆಯ ಬಣ್ಣವನ್ನು ಹೊಗಳುವ ಜಿರಲೆಗೂ ತನಗೂ ಇರುವ ವ್ಯತ್ಯಾಸವೇನೆಂದು ಅವನು ಒಂದು ಕ್ಷಣ ಪ್ರಾಮಾಣಿಕವಾಗಿ ಯೋಚಿಸಿದ. ಜಿರಲೆ ಇಎಂಐ ಕಟ್ಟುವುದಿಲ್ಲ ಎಂಬುದೊಂದೇ ಹೊಳೆಯಿತು.

ಅವನು ಹೋಗಿ ನಿಚ್ಚಣಿಕೆ ತಂದ. ಅಡುಗೆಮನೆಯಿಂದ ದೋಸೆ ಮಗುಚುವ ಕಬ್ಬಿಣದ ಸಟ್ಟುಗ ತಂದ. ಪಾರಣೆಗೆಂದು ಉಟ್ಟಿದ್ದ ರೇಷ್ಮೆ ಧೋತರವನ್ನು ಮೇಲೆತ್ತಿ ಕಟ್ಟಿ, ಮಹಿಳಾ ಮಂಡಳದ ಸಮಕ್ಷಮದಲ್ಲಿ ಏರಿ, ತನ್ನ ಸೂರ್ಯಾಸ್ತವನ್ನು ಕೆರೆಯತೊಡಗಿದ.

ಭರಮಣ್ಣನ ಕೆಲಸ ಗಟ್ಟಿಯಾಗಿತ್ತು. ಸಟ್ಟುಗ ಕಿರ್ರೆಂದಿತು, ಉಪವಾಸದ ಹಲ್ಲುಗಳೆಲ್ಲ ಜುಮ್ಮೆಂದವು. ಪ್ರಾಚಿ ನಿಚ್ಚಣಿಕೆ ಹಿಡಿದು, ಭರಮಣ್ಣನಿಗೆ ಫೋನು ಮಾಡಿ ಸ್ಪೀಕರ್ ಹಚ್ಚಿದಳು.

"ಶೇಟ್ರ, ನಾ ಅವತ್ತ ಹೇಳಿದ್ನಿಲ್ರೀ?"

"ಹೇಳಿದ್ದಿ ಮಾರಾಯಾ, ಹೇಳಿದ್ದಿ! ಈಗ ಹೆಂಗ ಕೀಳೂದು ಹೇಳು!"

"ಸಬಕಾರ ನೀರ ಹಚ್ಚಿ, ನೆನೆಯಾಕ ಬಿಟ್ಟು, ನಾಳಿ ಕೀಳ್ರಿ."

"ನಾಳಿ ನಮ್ಮಕ್ಕ ಖಾನಾಪುರದಾಗಿರತಾಳೋ!" ಎಂದು ಕೂಗಿ ನೇಮಣ್ಣ ಮತ್ತೆ ಕೆರೆದ. ಗದ್ದಲ ಕೇಳಿ ಮೇಲೆ ಬಂದ ಗಂಗಾದೇವಿಯವರು ಬಾಗಿಲಲ್ಲೇ ನಿಂತು, "ಅಯ್ಯ ಶಿವನ, ಶೇಟ್ರಿಗೆ ಏನಾತ್ರೀ?" ಎಂದರು. "ಪಪ್ಪಾ ಡಿಸೈನ್ ಬದಲ ಮಾಡಾಕತ್ತಾರ್ರಿ" ಎಂದಳು ಪ್ರಾಚಿ. ಕಿತ್ತಳೆ ಸುರುಳಿಗಳು ಉದುರಿ ನೇಮಣ್ಣನ ತಲೆ, ಹೆಗಲುಗಳ ಮೇಲೆ ಕುಳಿತವು. ಬೆವರು, ಅಂಟು, ರೇಷ್ಮೆ ಮೂರೂ ಒಂದಾದವು.

ಕೊನೆಗೆ ಒಂದು ತಾಟಿನಗಲದ ಗಾಜು ಬಯಲಾಯಿತು.

ಮಳೆ ತೊಳೆದ ಆಕಾಶದಿಂದ ಬಿಸಿಲು ಆ ರಂಧ್ರದಲ್ಲಿ ನುಗ್ಗಿ, ಹಾಲಿನ ನೆಲದ ಮೇಲೆ ಬಿದ್ದಿತು. ಎಲ್ಲ ಕಿತ್ತಳೆಯ ನಡುವೆ ಅದೊಂದೇ ಬೆಳ್ಳಗೆ, ಸ್ವಲ್ಪ ಸೊಟ್ಟಗೆ, ರೊಟ್ಟಿಯ ಹಾಗೆ. ಅಕ್ಕಾತಾಯಿ ಎದ್ದಳು. ಅವಳು ಬಗ್ಗಿ, ಅಂಗೈಯನ್ನು ಆ ಬೆಳಕಿನಲ್ಲಿ ಚಾಚಿ, ಗಿರಾಕಿಯೊಬ್ಬಳು ಸೀರೆಯ ನೇಯ್ಗೆ ನೋಡುವಷ್ಟು ಹೊತ್ತು ನೋಡಿದಳು.

"ಮೂಡೇತಿ" ಎಂದಳು.

ಪೂನಮ್ ಓಡಿಬಂದು ಮಣೆ ಹಾಕಿದಳು. ಕಾಂತಾ ತಾಟನ್ನು ಬಿಸಿಲ ತುಂಡಿನೊಳಗೆ ಸರಿಯಾಗಿ ಕೂರಿಸಿದಳು. ಬೊಗಸೆಗೆ ನೀರು ಬಿತ್ತು. ಅಕ್ಕಾತಾಯಿ ಕಣ್ಣು ಮುಚ್ಚಿ ಮಂತ್ರ ಹೇಳಿ ಮೊದಲ ಗುಟುಕು ಕುಡಿದಾಗ ಮಂಡಳದವರು ಜಯಕಾರ ಹಾಕಿದರು. ನೇಮಣ್ಣ ನಿಚ್ಚಣಿಕೆಯ ಮೇಲೆಯೇ ಸಟ್ಟುಗ ಹಿಡಿದು ಕೈಮುಗಿದ. ಕಣ್ಣಿನಲ್ಲಿ ನೀರಿತ್ತು; ಅಂಟು ಬಿದ್ದಿದೆಯೆಂದು ಎಲ್ಲರಿಗೂ ಹೇಳಿದ.

ಇಳಿಯಬೇಕೆಂದು ಒಂದು ಕಾಲು ಕೆಳಗಿಟ್ಟಿದ್ದ. "ಅಣ್ಣಾರ, ಹಂಗ ಇಳದ್ರ ಹೆಂಗ್ರೀ?" ಎಂದಳು ಮಂಡಳದ ಹಿರಿಯಳೊಬ್ಬಳು. "ನಮ್ಮದೂ ಪಾರಣಿ ಐತಿ. ನಮಗೇನ ಸಂಜ್ಯಾಗ ಬಡಸತೀರೇನು?"

ನ್ಯಾಯವಾದ ಪ್ರಶ್ನೆ. ನೇಮಣ್ಣ ಮತ್ತೆ ಏರಿದ. ಅವಳ ತಾಟಿಗೊಂದು, ಅವಳ ಬಾಜುವಿನವಳಿಗೊಂದು ಬೆಳಕನ್ನು ಕೆರೆದು ಕೊಟ್ಟ. "ನನಗ ಸ್ವಲ್ಪ ಎಡಕ್ಕ್ರಿ" ಎಂದು ಒಬ್ಬಳು, "ನನ್ನ ಹುಗ್ಗಿಗಷ್ಟ ಬಿದ್ದೇತಿ, ಬ್ಯಾಳಿಗೆ ಬಿದ್ದಿಲ್ರೀ" ಎಂದು ಇನ್ನೊಬ್ಬಳು. ಅಂಗಡಿಯಿರಲಿ, ಮನೆಯಿರಲಿ, ಎಲ್ಲಿ ನಿಂತರೂ ತಾನು ಹೆಂಗಸರಿಗೆ ಬೇಕಾದ ಬಣ್ಣವನ್ನು ತೆಗೆದು ತೋರಿಸಲು ಹುಟ್ಟಿದವನೆಂದು ನೇಮಣ್ಣನಿಗೆ ಖಾತ್ರಿಯಾಯಿತು. ಗಂಗಾದೇವಿಯವರು ಉಪವಾಸವಿಲ್ಲದಿದ್ದರೂ ಸಾಲಿನ ತುದಿಗೆ ಕುಳಿತು, "ನನಗೂ ಒಂದ ಚೂರು" ಎಂದರು.

ಅಷ್ಟರಲ್ಲಿ ಸೂರ್ಯ ತನ್ನ ಕೆಲಸ ನಿಲ್ಲಿಸಿರಲಿಲ್ಲ. ಬಿಸಿಲ ತುಂಡುಗಳು ನೆಲದ ಮೇಲೆ ಮೆಲ್ಲಗೆ ಗಾಜಿನತ್ತ ಜರುಗತೊಡಗಿದವು. ಅವುಗಳೊಡನೆ ಅಕ್ಕಾತಾಯಿ ಮಣೆಸಮೇತ ಜರುಗಿದಳು. ಅವಳ ಹಿಂದೆ ತಾಟುಗಳು, ತಾಟುಗಳ ಹಿಂದೆ ಇಡೀ ಮಂಡಳ, ಒಂದು ತುತ್ತಿಗೊಮ್ಮೆ ಅಂಗುಲದಷ್ಟು. ಮೇಲಿನಿಂದ ನೋಡುತ್ತಿದ್ದ ನೇಮಣ್ಣನಿಗೆ, ಪರದೇಶದ ಯಾವ ಮನೆಯಲ್ಲಿಯೂ ಊಟದ ಪಂಕ್ತಿ ಹೀಗೆ ನಡೆದುಕೊಂಡು ಹೋಗುವುದನ್ನು ಕಂಡ ನೆನಪಾಗಲಿಲ್ಲ. ಸಟ್ಟುಗದ ತುದಿ ಬಾಗಿತ್ತು. ಹೊಟ್ಟೆಯಲ್ಲಿ ಬೆಳಗಿನಿಂದ ಏನೂ ಇರಲಿಲ್ಲ.

"ನೇಮೂ" ಎಂದು ಅಕ್ಕಾತಾಯಿ ಹುಗ್ಗಿಯ ಬೆರಳು ನೆಕ್ಕುತ್ತ ತಲೆಯೆತ್ತಿದಳು. ತನ್ನ ಬೆಳಕಿನ ಅಂಚಿನಲ್ಲಿ, ತನ್ನ ತಾಟಿಗೆ ಅಂಟಿಸಿ, ಇನ್ನೊಂದು ತುಂಬಿದ ತಾಟನ್ನು ಅವಳು ಒತ್ತಾಗಿ ಇಟ್ಟುಕೊಂಡಿದ್ದಳು. "ಸಾಕ ಕೆರದಿದ್ದು. ಲಗೂ ಇಳಿ. ನಿನ್ನ ತಾಟ ನೆರಳಿಗೆ ಹೊಂಟೇತಿ."